ಮೊದಲು ಶಾಲಾ ಮಂಡಳಿಯೋ, ನೇರ ಸೆನೆಟ್ಟೋ? ಗಜಾಲಾ ಹಶ್ಮಿ ದಾರಿ ಬಗ್ಗೆ ಚರ್ಚೆ

ಮಲೆನಾಡಿಗ: ಹೈದರಾಬಾದಿನಲ್ಲಿ ಹುಟ್ಟಿ, ನಾಲ್ಕನೇ ವಯಸ್ಸಿಗೆ ಅಮೆರಿಕ ಸೇರಿದ ಗಜಾಲಾ ಹಶ್ಮಿ ವರ್ಜೀನಿಯಾದ ಕಾಲೇಜುಗಳಲ್ಲಿ ಇಂಗ್ಲಿಷ್ ಪಾಠ ಹೇಳಿದವರು. 2019ರಲ್ಲಿ ರಾಜ್ಯದ ಮೇಲ್ಮನೆಯಾದ ಸೆನೆಟ್ಟಿಗೆ ಮೊದಲ ಸಲ ನಿಂತು ಹಾಲಿ ಸೆನೆಟರನ್ನೇ ಸೋಲಿಸಿದರು. 2025ರ ನವೆಂಬರಿನಲ್ಲಿ ಲೆಫ್ಟಿನೆಂಟ್ ಗವರ್ನರ್ (ಗವರ್ನರ್ ನಂತರದ ಸ್ಥಾನ) ಹುದ್ದೆಯನ್ನೂ ಗೆದ್ದರು. ಸ್ಥಳೀಯ ಹುದ್ದೆ ಒಂದನ್ನೂ ಹಿಡಿಯದೆ! ರಾಜಕೀಯಕ್ಕಿಳಿಯುವ ಮೇಷ್ಟ್ರುಗಳು ಇದನ್ನು ಮಾದರಿ ಅಂದುಕೊಳ್ಳಬಾರದು. ಅಯೋವಾದ ಸ್ವಾತಿ ದಾಂಡೇಕರ್ 1996ರಿಂದ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಲಿನ್-ಮಾರ್ ಶಾಲಾ ಮಂಡಳಿಯಲ್ಲಿದ್ದು, 2002ರಲ್ಲಿ ಆ ರಾಜ್ಯದ ಕೆಳಮನೆಗೆ ಗೆದ್ದರು. ಭಾರತದಲ್ಲಿ ಬೆಳೆದವರು ಇಲ್ಲಿಯವರನ್ನು ಹೇಗೆ ಪ್ರತಿನಿಧಿಸುತ್ತಾರೆಂದು ಎದುರಾಳಿ ಕೆಣಕಿದಾಗ, ಊರಿನವರಿಗೆ ಅವರ ಕೆಲಸ ಆಗಲೇ ಗೊತ್ತಿತ್ತು.

ರಿಚ್ಮಂಡ್ ವಾಸಿ: ಅಯೋವಾದ ಲೆಕ್ಕ ಇಲ್ಲಿ ನಡೆಯಲ್ಲ ಸಾರ್. ವರ್ಜೀನಿಯಾದ ಶಾಲಾ ಮಂಡಳಿಗೆ ತೆರಿಗೆ ಹಾಕುವ ಅಧಿಕಾರವೇ ಇಲ್ಲ. ಕೌಂಟಿಯ (ನಮ್ಮ ಜಿಲ್ಲೆಯಂತೆ) ಆಡಳಿತ ನಡೆಸುವ ಸೂಪರ್‌ವೈಸರುಗಳೋ ಸಿಟಿ ಕೌನ್ಸಿಲ್ಲೋ ಕೊಟ್ಟಷ್ಟರಲ್ಲಿ ಸಂಭಾಳಿಸಬೇಕು. 1992ರವರೆಗೆ ಮಂಡಳಿಗೆ ಚುನಾವಣೆಯೂ ಇರಲಿಲ್ಲ, ಬರೀ ನೇಮಕ. ರಾಜ್ಯ ಅನುದಾನದ ಸೂತ್ರ ಇರುವುದು ಶಾಸಕರ ಕೈಯಲ್ಲಿ. ಇಲ್ಲಿ ಒಂದು ಮಗುವಿಗೆ ಸಿಗುವ ಅನುದಾನ ದೇಶದ ಸರಾಸರಿಗಿಂತ ಶೇ. 14 ಕಡಿಮೆ ಎಂದು ಶಾಸಕಾಂಗದ ಪರಿಶೀಲನಾ ಆಯೋಗವೇ 2023ರಲ್ಲಿ ವರದಿ ಕೊಟ್ಟಿದೆ. ಹಶ್ಮಿ 2024ರಲ್ಲಿ ಸೆನೆಟ್ಟಿನ ಶಿಕ್ಷಣ-ಆರೋಗ್ಯ ಸಮಿತಿಯ ಅಧ್ಯಕ್ಷೆಯಾದರು. ಶಾಲೆ ರಿಪೇರಿ ಮಾಡಬೇಕೆಂದರೆ ಆ ಕುರ್ಚಿಯೇ ಬೇಕು.

ನೀರ್‌ದೋಸೆ: ಸ್ಥಳೀಯ ಹುದ್ದೆಯೇ ಗೆಲ್ಲಿಸುತ್ತದೆ ಅನ್ನುವುದಾದರೆ, ಪಕ್ಷದ ಲೆಫ್ಟಿನೆಂಟ್ ಗವರ್ನರ್ ಅಭ್ಯರ್ಥಿಯನ್ನು ಆರಿಸಿದ 2025ರ ಪ್ರೈಮರಿ ಚುನಾವಣೆ ನೋಡಿ. ರಿಚ್ಮಂಡಿನ ಮಾಜಿ ಮೇಯರ್ ಲೆವಾರ್ ಸ್ಟೋನಿ, ಪ್ರಿನ್ಸ್ ವಿಲಿಯಂ ಕೌಂಟಿ ಶಾಲಾ ಮಂಡಳಿ ಅಧ್ಯಕ್ಷ ಬಾಬರ್ ಲತೀಫ್ ಇಬ್ಬರೂ ಹಶ್ಮಿ ಎದುರು ಸೋತರು.

ಮಲೆನಾಡಿಗ: ಆರು ಜನ ನಿಂತು ಮತ ಚೂರಾದಾಗ ಶೇ. 30 ಕೂಡ ದಾಟದೆ ಗೆದ್ದರು ರೀ, ಎರಡನೇ ಸುತ್ತು ಇರಲಿಲ್ಲ. ಗೆದ್ದು ಸಿಕ್ಕಿದ್ದೇನು? ಸಮಿತಿ ಹೋಯಿತು. ಈಗ 40 ಜನರ ಸೆನೆಟ್ ನಡೆಸುವುದು, ಸಮಬಲ ಆದಾಗ ಮಾತ್ರ ಮತ ಹಾಕುವುದು.

ಮತಪಟ್ಟಿ: ಹುದ್ದೆಯ ಜಗಳ ಆಮೇಲೆ. ಎಡವುವುದು ಚುನಾವಣೆಗೆ ನಿಲ್ಲಲು ಮತದಾರರ ಸಹಿ ಹಾಕಿಸುವ ಅರ್ಜಿಯಲ್ಲಿ. ಸೆನೆಟ್ ಪ್ರೈಮರಿಗೆ ಕ್ಷೇತ್ರದ 250 ಮತದಾರರ ಸಹಿ, ಕೆಳಮನೆಗೆ 125, ಲೆಫ್ಟಿನೆಂಟ್ ಗವರ್ನರಿಗೆ 10,000. ಅದರಲ್ಲೂ ಕಾಂಗ್ರೆಸ್ಸಿನ (ಅಮೆರಿಕದ ಸಂಸತ್ತಿನ) ಪ್ರತಿ ಕ್ಷೇತ್ರದಿಂದ ಕನಿಷ್ಠ 400. ದೇವಸ್ಥಾನದಲ್ಲೋ ಯುಗಾದಿ ಕಾರ್ಯಕ್ರಮದಲ್ಲೋ ಕೂತು ಸಂಗ್ರಹಿಸಿದರೆ ಅರ್ಧಕ್ಕರ್ಧ ಬಿದ್ದುಹೋಗಬಹುದು: ಒಬ್ಬರು ಪಕ್ಕದ ಕ್ಷೇತ್ರದವರು, ಇನ್ನೊಬ್ಬರು ಮತದಾರರೇ ಅಲ್ಲ, ಮತ್ತೊಬ್ಬರು ಮನೆ ಬದಲಿಸಿ ವಿಳಾಸ ತಿದ್ದಿಸಿಲ್ಲ. ಸಹಿ ಮಾಡಿಸಿದವರು ನೋಟರಿ ಮುಂದೆ ಪ್ರಮಾಣ ಮಾಡದಿದ್ದರೆ ಇಡೀ ಹಾಳೆಯೇ ಹೋಯಿತು. ಮತದಾರರ ಪಟ್ಟಿ ಹಿಡಿದು ಮನೆಮನೆಗೆ ಹೋಗಿ, ಒಂದೂವರೆ ಪಟ್ಟು ತನ್ನಿ.

ಕೆಲಸದ ಚಿಂತೆಯೂ ಇದೆ. ಸೆನೆಟರ್ ಸಂಬಳ ವರ್ಷಕ್ಕೆ 18,000 ಡಾಲರ್. ಅಧಿವೇಶನ ಜನವರಿಯಲ್ಲಿ ಶುರು, ಸಮ ವರ್ಷದಲ್ಲಿ 60 ದಿನ. ಅಂದರೆ ಕಾಲೇಜಿನ ವಸಂತ ಸೆಮಿಸ್ಟರಿಗೇ ನೇರ ಹೊಡೆತ ಬೀಳುತ್ತದೆ. ರಜೆಯ ಒಪ್ಪಂದ ಮೊದಲೇ ಬರೆಸಿಕೊಳ್ಳಿ.

ಹುಬ್ಬಳ್ಳಿ ಮಂದಿ: ಎಚ್-1ಬಿ ಮ್ಯಾಲ ಇರೋವ್ರು ಇಂಥಾವ್ರಿಗೆ ದುಡ್ಡು ಕೊಡಬಹುದೇನ್ರಿ?

ಮತಪಟ್ಟಿ: ಇಲ್ಲ. ಶಾಲಾ ಮಂಡಳಿ ಚುನಾವಣೆಗೂ ಫೆಡರಲ್ ಕಾನೂನಿನ ನಿಷೇಧವಿದೆ. ಸಿಟಿಜನ್ ಗೆಳೆಯರ ಹೆಸರಲ್ಲಿ ದಾಟಿಸಿದರೆ ಅದು ಇನ್ನೊಂದು ಅಪರಾಧ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು. ರಾಜ್ಯದ ಚುನಾವಣೆಗೆ ವರ್ಜೀನಿಯಾದಲ್ಲಿ ಮೊತ್ತದ ಮಿತಿಯೂ ಇಲ್ಲ. ಎಚ್-1ಬಿಯವರು ಸಂಬಳವಿಲ್ಲದೆ ಬಾಗಿಲು ತಟ್ಟಲಿ, ಫೋನ್ ಮಾಡಲಿ. ಖರ್ಚುವೆಚ್ಚದ ತೀರ್ಮಾನದಲ್ಲಿ ಮಾತ್ರ ತಲೆ ಹಾಕಬಾರದು.