ಅಪ್‌ಡೇಟ್: ಮಾವನವರ ಆರೈಕೆಗೆ ಕೌನ್ಸಿಲ್ ನೆರವು (ಇಂಗ್ಲೆಂಡ್)

ಸ್ಟ್ರೋಕ್ ಆದ ಮಾವನವರನ್ನು ನೋಡಿಕೊಳ್ಳುತ್ತಾ ನನಗೇ ನಿದ್ದೆ ಇಲ್ಲ, ಮನಸ್ಸು ಕುಗ್ಗಿದೆ, ಉಳಿತಾಯ ಇದ್ದರೂ ಕೌನ್ಸಿಲ್ (ಸ್ಥಳೀಯ ಆಡಳಿತ) ಸಹಾಯ ಸಿಗುತ್ತದಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಕೌನ್ಸಿಲ್‌ನವರು ಫೋನಿನಲ್ಲಿ ಮೊದಲು, ‘ದುಡ್ಡಿದೆ ಅಲ್ವಾ, ನೀವೇ ಏಜೆನ್ಸಿ ಹುಡುಕಿಕೊಳ್ಳಿ’ ಅಂದರು. ಅದು ಸರಿಯಲ್ಲ. 2014ರ ಕೇರ್ ಆಕ್ಟ್ ಅನ್ನುವ ಕಾನೂನಿನ ಪ್ರಕಾರ ಹಣ ಎಷ್ಟೇ ಇರಲಿ, ಕೌನ್ಸಿಲ್ ಅಸೆಸ್‌ಮೆಂಟ್ (ಏನೇನು ನೆರವು ಬೇಕು ಅನ್ನುವ ಪರಿಶೀಲನೆ) ಮಾಡಲೇಬೇಕು, ಅದೂ ಉಚಿತವಾಗಿ. 23,250 ಪೌಂಡ್ ಉಳಿತಾಯದ ಮಿತಿ (ಅದಕ್ಕಿಂತ ಹೆಚ್ಚಿದ್ದರೆ ಖರ್ಚು ತಾವೇ ಕೊಡಬೇಕು) ಬರುವುದು ಆಮೇಲೆ, ಖರ್ಚು ಯಾರದ್ದು ಅನ್ನುವಾಗ. ಆಗಲೂ ಮಾವನವರ ಹಣವನ್ನಷ್ಟೇ ನೋಡುತ್ತಾರೆ, ನಮ್ಮದನ್ನಲ್ಲ. ಮನೆಯಲ್ಲೇ ಆರೈಕೆ ಆದರೆ ಅವರು ವಾಸವಿರುವ ಮನೆಯ ಬೆಲೆಯೂ ಲೆಕ್ಕಕ್ಕಿಲ್ಲ. ಇದನ್ನು ಪತ್ರದಲ್ಲಿ ಬರೆದ ಮೇಲೆ ಕೆಲಸ ಮುಂದೆ ಹೋಯಿತು.

ನಿಮ್ಮಲ್ಲೊಬ್ಬರು ಹೇಳಿದ ಕೇರರ್ ಅಸೆಸ್‌ಮೆಂಟೇ ನನ್ನನ್ನು ಉಳಿಸಿತು. ನೋಡಿಕೊಳ್ಳುವವರ ಆರೋಗ್ಯ, ಕೆಲಸ, ಮನಸ್ಸಿನ ನೆಮ್ಮದಿ ಎಲ್ಲವನ್ನೂ ಅದರಲ್ಲಿ ಕೇಳುತ್ತಾರೆ. ‘ಹೊರಗಿನವರು ಬೇಡ’ ಅಂತ ಮಾವ ಹಟ ಹಿಡಿದಿದ್ದರು. ಅವರು ಒಪ್ಪದಿದ್ದರೂ ನನ್ನ ಅಸೆಸ್‌ಮೆಂಟ್ ನಡೆಯುತ್ತದೆ. ಆಮೇಲೆ ಅವರೂ ಒಪ್ಪಿದರು, ಪುಣ್ಯ! ಈಗ ಬೆಳಗ್ಗೆ ಒಬ್ಬರು ಬಂದು ಸ್ನಾನ ಮಾಡಿಸುತ್ತಾರೆ.

ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ನಡೆಸುವ ಟಾಕಿಂಗ್ ಥೆರಪೀಸ್‌ಗೆ, ಅಂದರೆ ಮನಸ್ಸಿನ ಕಷ್ಟಕ್ಕೆ ಮಾತಿನ ಚಿಕಿತ್ಸೆಗೆ, ಜಿಪಿ (ಕುಟುಂಬ ವೈದ್ಯರ) ಪತ್ರ ಬೇಕಿಲ್ಲ, ನಾನೇ ಹೆಸರು ಕೊಟ್ಟೆ. ಮಾತಾಡಿ ಬಂದ ದಿನ ಎದೆ ಹಗುರಾಗಿರುತ್ತದೆ.

ರೆಸ್ಪೈಟ್ ಕೇರ್ (ನನಗೆ ಬಿಡುವು ಸಿಗಲು ಕೆಲವು ದಿನ ಬೇರೆಯವರು ನೋಡಿಕೊಳ್ಳುವುದು) ಇನ್ನೂ ಸಿಕ್ಕಿಲ್ಲ. ಯಾರಾದರೂ ಪಡೆದಿದ್ದರೆ ದಯವಿಟ್ಟು ಬರೆಯಿರಿ.