ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಸಣ್ಣ ಊರಿಗೆ: ಹೋದವರು, ಉಳಿದವರು, ವಾಪಸ್ ಬಂದವರು

ಕೇಳಿದವರು:
ನಮಗೆ ಇಬ್ಬರು ಮಕ್ಕಳು. ದೊಡ್ಡವನಿಗೆ ನಾಲ್ಕು ವರ್ಷ, ಚಿಕ್ಕವಳಿಗೆ ಎಂಟು ತಿಂಗಳು. ಈಗಿರುವುದು ದೊಡ್ಡ ನಗರದಲ್ಲಿ, ಆರನೇ ಮಹಡಿಯ ಎರಡು ಕೋಣೆಯ ಮನೆ. ನನ್ನ ಗಂಡನಿಗೆ ಮನೆಯಿಂದಲೇ ಕೆಲಸ ಮಾಡಲು ಆಫೀಸಿನವರು ಒಪ್ಪಿದ್ದಾರೆ. ಹಾಗಾಗಿ ಮೂರು ಗಂಟೆ ದೂರದ ಒಂದು ಸಣ್ಣ ಊರಲ್ಲಿ ಮನೆ ನೋಡಿ ಬಂದೆವು. ಹಿತ್ತಲಿದೆ, ಮರಗಳಿವೆ, ಸ್ವಂತ ಬಾವಿ ಇದೆ. ಬಾಡಿಗೆಗೂ ಕೊಡ್ತಾರೆ, ಮಾರಲೂ ತಯಾರಿದ್ದಾರೆ. ಹೋದರೆ ನಾನು ಕೆಲಸ ಬಿಡಬೇಕು. ಅಲ್ಲಿ ಗೊತ್ತಿರುವವರು ಯಾರೂ ಇಲ್ಲ. ಎರಡು ಸಲ ಹೋಗಿದ್ದೇವೆ, ಎರಡು ಸಲವೂ ಭಾನುವಾರ. ತುಂಬಾ ಹಿಡಿಸಿತು. ಹೀಗೆ ಹೋದವರಿದ್ದರೆ, ಹೋಗುವ ಮೊದಲೇ ಗೊತ್ತಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನು ಹೇಳ್ತೀರಾ?

ಏಳು ವರ್ಷದಿಂದ ಸಣ್ಣ ಊರಲ್ಲಿರುವ ತಾಯಿ:
ನೀವು ಬರೆದದ್ದರಲ್ಲಿ ಎರಡು ಮಾತು ನನಗೆ ತಟ್ಟಿದವು. ಎರಡು ಸಲವೂ ಭಾನುವಾರ ಹೋಗಿದ್ದೀರಿ. ಕೆಲಸ ಬಿಡುವವರು ನೀವು. ನಾವೂ ಹೀಗೇ ಹೋದೆವು. ಈಗ ಚೆನ್ನಾಗಿದ್ದೇವೆ, ವಾಪಸ್ ಹೋಗುವ ಯೋಚನೆ ಇಲ್ಲ. ಆದರೆ ಮೊದಲ ವರ್ಷ ನಾನು ಪಟ್ಟ ಪಾಡು ನಿಮಗೆ ಬೇಡ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಭಾನುವಾರ ಯಾವ ಸಣ್ಣ ಊರಾದರೂ ಚೆಂದವೇ. ಗಂಡ ಜೊತೆಗಿರುತ್ತಾರೆ, ಮಕ್ಕಳು ಓಡಾಡಿಕೊಂಡಿರುತ್ತಾರೆ, ಯಾರಿಗೂ ಅವಸರ ಇರೋದಿಲ್ಲ. ನೀವು ನೋಡಬೇಕಾದದ್ದು ಮಂಗಳವಾರದ ಮಧ್ಯಾಹ್ನ. ಅವರು ಬಾಗಿಲು ಹಾಕಿಕೊಂಡು ಮೀಟಿಂಗಿನಲ್ಲಿರುತ್ತಾರೆ. ಚಿಕ್ಕದು ಈಗಷ್ಟೇ ಮಲಗಿರುತ್ತದೆ. ದೊಡ್ಡದನ್ನು ಶಾಲೆಯಿಂದ ಕರೆತರುವ ಹೊತ್ತಾಗಿರುತ್ತದೆ. ನಗರದಲ್ಲಿದ್ದಾಗ ಇಂಥ ಹೊತ್ತಿಗೆ ಎದುರುಮನೆಯ ಬಾಗಿಲು ತಟ್ಟುತ್ತಿದ್ದೆ. ಇಲ್ಲಿ ಮಲಗಿದ್ದ ಮಗುವನ್ನು ಎಬ್ಬಿಸಿ, ಕಾರಿನ ಸೀಟಿಗೆ ಬೆಲ್ಟ್ ಹಾಕಿ, ಅದು ದಾರಿಯುದ್ದಕ್ಕೂ ಅಳುತ್ತಾ, ನಾನು ಸಮಾಧಾನ ಮಾಡುತ್ತಾ ಹೋಗಬೇಕಿತ್ತು. ಮೊದಲ ಮೂರು ತಿಂಗಳು ದಿನಾ ಇದೇ ಕಥೆ.

ಒಂದು ದಿನ ಶಾಲೆಯ ಗೇಟಿನ ಹತ್ತಿರ ನಿಂತಿದ್ದೆ. ಉಳಿದ ತಾಯಂದಿರೆಲ್ಲ ಹೆಸರು ಹಿಡಿದು ಕರೆದುಕೊಂಡು ಮಾತಾಡುತ್ತಿದ್ದರು. ಅವರಲ್ಲಿ ಸುಮಾರು ಜನ ಅದೇ ಶಾಲೆಯಲ್ಲಿ ಒಟ್ಟಿಗೆ ಓದಿದವರು. ಯಾರೂ ಕೆಟ್ಟವರಲ್ಲ. ನನ್ನ ನೋಡಿ ನಕ್ಕರು, ಮಗುವಿನ ಕೆನ್ನೆ ಮುಟ್ಟಿದರು, ತಮ್ಮ ಮಾತಿಗೆ ಹೋದರು. ರಾತ್ರಿ ಯೋಚನೆ ಮಾಡಿದೆ: ಬೆಳಗಿನಿಂದ ದೊಡ್ಡವರು ಅನ್ನಿಸಿಕೊಂಡವರ ಜೊತೆ ನಾನು ಆಡಿದ್ದು ನಾಲ್ಕೇ ಮಾತು. ಅದರಲ್ಲಿ ಎರಡು ಗ್ಯಾಸ್ ತಂದವನ ಜೊತೆ.

ಆಮೇಲೆ ಒಂದು ಅಧ್ಯಯನದ ಬಗ್ಗೆ ಓದಿದೆ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವವರು 2018ರಲ್ಲಿ ಪ್ರಕಟಿಸಿದ್ದು. ಸ್ನೇಹ ಆಗೋಕೆ ಎಷ್ಟು ಹೊತ್ತು ಒಟ್ಟಿಗೆ ಕಳೀಬೇಕು ಅಂತ ಅವರು ಲೆಕ್ಕ ಹಾಕಿದ್ದಾರೆ. ಬರೀ ಪರಿಚಯ ಸ್ವಲ್ಪ ಸ್ನೇಹಕ್ಕೆ ತಿರುಗಲು ಸುಮಾರು 50 ಗಂಟೆ, ಸ್ನೇಹಿತರು ಅನ್ನಿಸಿಕೊಳ್ಳಲು 90, ಆಪ್ತರಾಗಲು 200ಕ್ಕಿಂತ ಜಾಸ್ತಿ. ಓದಿ ನನಗೆ ಎಷ್ಟು ಹಗುರ ಆಯಿತು ಅಂದರೆ, ಹೇಳಲಾರೆ. ನನ್ನಲ್ಲಿ ಏನೋ ಕೊರತೆ ಇದೆ ಅಂತ ಕೊರಗುತ್ತಿದ್ದೆ. ನೋಡಿದರೆ ಗಂಟೆಗಳೇ ಕೂಡಿರಲಿಲ್ಲ. ಗೇಟಿನಲ್ಲಿ ದಿನಕ್ಕೆ ಐದು ನಿಮಿಷ ನಿಂತರೆ 50 ಗಂಟೆ ಆಗಲು 600 ದಿನ ಬೇಕು! ಅದೇ ವಾರಕ್ಕೆ ಎರಡು ಗಂಟೆ ಅದೇ ಜನರ ಜೊತೆ ಕೂತರೆ ಆರು ತಿಂಗಳು ಸಾಕು.

ಊರ ಗ್ರಂಥಾಲಯದಲ್ಲಿ ಶನಿವಾರ ಮಕ್ಕಳಿಗೆ ಕಥೆ ಓದಿ ಹೇಳುವವರು ಬೇಕಿತ್ತು. ಹೋಗಿ ಹೆಸರು ಕೊಟ್ಟೆ. ಚಿಕ್ಕದನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಓದುತ್ತಿದ್ದೆ. ಕಥೆ ಮುಗಿದ ಮೇಲೆ ಚಾಪೆ ಮಡಿಸೋದು, ಪುಸ್ತಕ ಜೋಡಿಸೋದು ಅಂತ ಮೂರ್ನಾಲ್ಕು ಜನ ಉಳಿಯುತ್ತಿದ್ದೆವು. ನಿಜವಾದ ಮಾತುಕತೆ ಶುರುವಾಗಿದ್ದು ಆ ಚಾಪೆ ಮಡಿಸುವಾಗ. ಅರ್ಧ ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅವರಲ್ಲೊಬ್ಬರು ಫೋನ್ ಮಾಡಿದರು. "ನಿಮ್ಮವನನ್ನೂ ನಾನೇ ಕರ್ಕೊಂಡು ಬರ್ತೀನಿ, ಮಗೂನ ಎಬ್ಬಿಸಬೇಡಿ" ಅಂದರು. ಫೋನ್ ಇಟ್ಟು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಆ ಊರು ನನ್ನದಾಗಿದ್ದು ಆವತ್ತು.

ಅದಕ್ಕೇ ಹೇಳುವುದು, ಮನೆ ನೋಡಿದ್ದು ಸಾಕು. ಇನ್ನೊಂದು ಸಲ ವಾರದ ಮಧ್ಯೆ ಹೋಗಿ. ನಾಲ್ಕೈದು ದಿನ ಇರಿ. ಅವರು ಕೋಣೆಯಲ್ಲಿ ಕೆಲಸ ಮಾಡಲಿ, ನೀವು ಮಕ್ಕಳ ಜೊತೆ ಇರಿ. ಐದನೇ ದಿನ ಸಂಜೆ ನಿಮಗೆ ಏನನ್ನಿಸುತ್ತೆ ನೋಡಿ. ಈ ವಿಷಯದಲ್ಲಿ ನಿಮ್ಮ ಮಾತಿಗೆ ಅವರ ಮಾತಿಗಿಂತ ಜಾಸ್ತಿ ತೂಕ ಇರಬೇಕು ಅಂತ ನನಗೆ ಖಂಡಿತ ಅನ್ನಿಸುತ್ತೆ. ಅವರ ಕೆಲಸ, ಸಹೋದ್ಯೋಗಿಗಳು, ಸಂಬಳ ಎಲ್ಲವೂ ಅವರ ಜೊತೆಗೇ ಬರುತ್ತವೆ. ಎಲ್ಲವನ್ನೂ ಬಿಟ್ಟು ಬರುವವರು ನೀವು. ಸಾಧ್ಯವಾದರೆ ರಾಜೀನಾಮೆ ಕೊಡಬೇಡಿ. ಒಂದು ವರ್ಷ ಸಂಬಳವಿಲ್ಲದ ರಜೆ ಕೇಳಿ. ಇಲ್ಲ ಅಂದರೆ ಇಲ್ಲ, ಕೇಳಿದರೆ ನಷ್ಟ ಏನೂ ಇಲ್ಲ ಅಲ್ವಾ?

ನೀರು ಪರೀಕ್ಷೆಯ ಕೆಲಸದಲ್ಲಿರುವವರು:
ಬಾವಿ ಇದೆ ಅಂದಿರಿ, ಮನೆಯಲ್ಲಿ ಎಂಟು ತಿಂಗಳ ಮಗು ಇದೆ ಅಂದಿರಿ. ನಾನು ಹೇಳುವುದು ಅದೊಂದೇ ವಿಷಯ.

ಮುಂಗಡ ಕೊಡುವ ಮೊದಲು ಆ ನೀರನ್ನು ಪ್ರಯೋಗಾಲಯಕ್ಕೆ ಕೊಡಿ. "ನಾವು ತಲೆತಲಾಂತರದಿಂದ ಕುಡೀತಿದ್ದೀವಿ, ಏನೂ ಆಗಿಲ್ಲ" ಅಂತ ಮನೆಯವರು ಹೇಳ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಆದರೆ ಕುಡಿದವರು ದೊಡ್ಡವರು. ಹೊಲದ ಗೊಬ್ಬರ, ಸಗಣಿ ಗುಂಡಿ, ಕಕ್ಕಸು ಗುಂಡಿ ಇವುಗಳಿಂದ ನೈಟ್ರೇಟ್ ಇಳಿದು ಬಾವಿ ಸೇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಹಸುಗೂಸಿನ ಹೊಟ್ಟೆಗೆ ಹೋದರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ತುಟಿ ಮತ್ತು ಉಗುರು ನೀಲಿಗಟ್ಟುತ್ತವೆ. ಪುಡಿ ಹಾಲು ಕಲಸಿ ಕುಡಿಸುವ ಆರು ತಿಂಗಳೊಳಗಿನ ಮಕ್ಕಳಿಗೆ ಅಪಾಯ ಎಲ್ಲಕ್ಕಿಂತ ಜಾಸ್ತಿ. ನಿಮ್ಮ ಮಗು ಆ ವಯಸ್ಸು ದಾಟಿದೆ. ಆದರೂ ನೋಡದೆ ಕೊಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 50 ಮಿಲಿಗ್ರಾಂ.

ಬಹಳ ಜನ ತಪ್ಪುವುದು ಇಲ್ಲಿ: ಕುದಿಸಿದರೆ ಸರಿಹೋಗುತ್ತೆ ಅಂದುಕೊಳ್ಳುತ್ತಾರೆ. ಕುದಿಸಿದರೆ ರೋಗಾಣು ಸಾಯುತ್ತದೆ, ಅದು ನಿಜ. ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಪರೀಕ್ಷೆಗೆ ಕೊಡುವಾಗ ನೈಟ್ರೇಟ್, ಕೋಲಿಫಾರ್ಮ್ ಬ್ಯಾಕ್ಟೀರಿಯಾ ಎರಡನ್ನೂ ಬಾಯಿಬಿಟ್ಟು ಕೇಳಿ. ಜೋರು ಮಳೆ ಆದ ಮೇಲೆ ಇನ್ನೊಂದು ಸಲ ಕೊಡಿ. ಮಳೆ ಬಂದಾಗ ಮೇಲಿನ ಕೊಳೆಯೆಲ್ಲ ಬಾವಿಗೆ ಇಳಿದಿರುತ್ತದೆ.

ಹದಿನಾಲ್ಕು ತಿಂಗಳಿದ್ದು ವಾಪಸ್ ಬಂದ ತಂದೆ:
ಮೊದಲನೆಯವರು ಬರೆದದ್ದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. "ನನಗೆ ಆ ಫೋನ್ ಬರಲೇ ಇಲ್ಲ" ಅಂದಳು. ನಮ್ಮ ಕಥೆಯ ಅರ್ಧ ಅದರಲ್ಲೇ ಇದೆ.

ಇನ್ನರ್ಧ ಆಸ್ಪತ್ರೆ. ಹೋಗುವ ಮೊದಲು "ಊರಲ್ಲಿ ಡಾಕ್ಟರ್ ಇದ್ದಾರಾ" ಅಂತ ಕೇಳಿದ್ದೆವು. ಇದ್ದಾರೆ ಅಂದರು. ರಾತ್ರಿ ಇರ್ತಾರಾ, ಮಕ್ಕಳಿಗೆ ಆಕ್ಸಿಜನ್ ಕೊಡುವ ವ್ಯವಸ್ಥೆ ಎಲ್ಲಿದೆ, ಅಲ್ಲಿಗೆ ಎಷ್ಟು ಹೊತ್ತಿನ ದಾರಿ ಅಂತ ಕೇಳಲಿಲ್ಲ. ಐದನೇ ತಿಂಗಳಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಮಗನಿಗೆ ಉಸಿರು ಕಟ್ಟಿತು. ಅಂಗಿ ಎತ್ತಿ ನೋಡಿದರೆ, ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಹೋಗುತ್ತಿತ್ತು. ಊರಿನ ಕ್ಲಿನಿಕ್ಕಿಗೆ ಬೀಗ. ಎಪ್ಪತ್ತು ನಿಮಿಷ ಗಾಡಿ ಓಡಿಸಿದೆ. ಹಿಂದಿನ ಸೀಟಿನಲ್ಲಿ ಹೆಂಡತಿ ಅವನನ್ನು ನೆಟ್ಟಗೆ ಕೂರಿಸಿಕೊಂಡು ಉಸಿರು ಎಣಿಸುತ್ತಿದ್ದಳು. ಎಣಿಸುವ ದನಿ ನಿಂತರೆ ನನ್ನ ಜೀವ ಹೋದಂತಾಗುತ್ತಿತ್ತು. ಮಗ ಉಳಿದ, ಚೆನ್ನಾಗಿದ್ದಾನೆ. ಆ ರಾತ್ರಿಯ ನಂತರ ಅವನಿಗೆ ನೆಗಡಿಯಾದರೂ ನಮ್ಮಿಬ್ಬರಿಗೂ ನಿದ್ದೆ ಬರುತ್ತಿರಲಿಲ್ಲ.

ನೀವು ನೋಡಿರುವ ಮನೆಯಿಂದ ಮಕ್ಕಳ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಒಂದು ಸಲ ಗಾಡಿ ಓಡಿಸಿಕೊಂಡು ಹೋಗಿ ಬನ್ನಿ. ಕತ್ತಲಾದ ಮೇಲೆ ಹೋಗಿ. ಮ್ಯಾಪಿನಲ್ಲಿ ತೋರಿಸುವ ಹೊತ್ತೇ ಬೇರೆ, ಆ ದಾರಿಯಲ್ಲಿ ನಿಜಕ್ಕೂ ಹಿಡಿಯುವ ಹೊತ್ತೇ ಬೇರೆ. ಮಗುವಿಗೆ ಉಬ್ಬಸ, ಫಿಟ್ಸ್ ಇಂಥದ್ದು ಇದ್ದರೆ ನಾನಾದರೆ ಅರ್ಧ ಗಂಟೆಗಿಂತ ದೂರ ಹೋಗುವುದಿಲ್ಲ.

ಮತ್ತೆ, ದಯವಿಟ್ಟು ಕೊಳ್ಳಬೇಡಿ. ನಾವು ಸಾಲ ಮಾಡಿ ಕೊಂಡೆವು. ವಾಪಸ್ ಬರುವ ಮನಸ್ಸಾದ ಮೇಲೂ ಮನೆ ಮಾರಾಟವಾಗಲಿಲ್ಲ ಅಂತ ನಾಲ್ಕು ತಿಂಗಳು ಅಲ್ಲೇ ಉಳಿದೆವು. ಸಣ್ಣ ಊರಲ್ಲಿ ಕೊಳ್ಳುವವರು ಕಡಿಮೆ. ಬಾಡಿಗೆಗೆ ಕೊಡ್ತಾರೆ ಅಂದಿದ್ದಾರಲ್ಲ, ಅದು ನಿಮ್ಮ ಅದೃಷ್ಟ. ಒಂದು ವರ್ಷ ಬಾಡಿಗೆಗಿರಿ, ಎಲ್ಲ ಋತುಗಳನ್ನೂ ಅಲ್ಲಿ ನೋಡಿ.

ಇನ್ನೊಂದು ಮಾತು. ತಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬಿಬ್ಬರು 1967ರಲ್ಲಿ ಒಂದು ಪಟ್ಟಿ ಮಾಡಿದ್ದರು. ಬದುಕಿನ ಯಾವ ಬದಲಾವಣೆ ಮನುಷ್ಯನ ಮೇಲೆ ಎಷ್ಟು ಭಾರ ಹಾಕುತ್ತದೆ ಅಂತ ಅಂಕ ಕೊಟ್ಟಿದ್ದರು. ಅದರಲ್ಲಿ ಮನೆ ಬದಲಿಸುವುದಕ್ಕೆ ಬರೀ 20 ಅಂಕ. ನಾವೂ ಇಷ್ಟೇ ಅಂದುಕೊಂಡಿದ್ದೆವು. ಆದರೆ ಹೆಂಡತಿ ಕೆಲಸ ಬಿಟ್ಟದ್ದಕ್ಕೆ 26, ಬದುಕುವ ರೀತಿ ಬದಲಾದದ್ದಕ್ಕೆ 25, ಒಡನಾಟ ಬದಲಾದದ್ದಕ್ಕೆ 18. ಕೂಡಿದರೆ 89. ಅದರ ಮೇಲೆ ಸಾಲ. ಎಲ್ಲವನ್ನೂ ಒಂದೇ ತಿಂಗಳಲ್ಲಿ ತಲೆ ಮೇಲೆ ಹೊತ್ತುಕೊಂಡೆವು. ಊರು ಬದಲಿಸಿ, ಆದರೆ ಉಳಿದದ್ದರಲ್ಲಿ ಎಷ್ಟಾಗುತ್ತೋ ಅಷ್ಟನ್ನು ಮೊದಲಿದ್ದ ಹಾಗೇ ಇಟ್ಟುಕೊಳ್ಳಿ.

ಅಂಗನವಾಡಿ ವಯಸ್ಸಿನ ಮಕ್ಕಳಿಗೆ ಕಲಿಸುವ ಟೀಚರ್:
ನಾಲ್ಕು ವರ್ಷದವನ ಬಗ್ಗೆ ಯಾರೂ ಹೇಳಲಿಲ್ಲ. ಹೋದ ಮೊದಲ ವಾರಗಳಲ್ಲಿ ಅವನು ಮತ್ತೆ ಹಾಸಿಗೆ ಒದ್ದೆ ಮಾಡಬಹುದು, ಸೆರಗು ಬಿಡದೇ ಇರಬಹುದು, ತಂಗಿಯ ಹಾಗೆ ತೊದಲಬಹುದು. ಗದರಬೇಡಿ, ತಾನಾಗಿ ಹೋಗುತ್ತದೆ. ಬೇರೆ ಕೋಣೆಯಲ್ಲಿ ಮಲಗಿಸುವುದು, ಬಾಟಲಿ ಬಿಡಿಸುವುದು ಇಂಥವನ್ನೆಲ್ಲ ಅದೇ ಹೊತ್ತಿಗೆ ಶುರು ಮಾಡಬೇಡಿ. ಅವನ ಹೊದಿಕೆಯನ್ನು ಹೋಗುವ ವಾರ ಒಗೆಯಬೇಡಿ. ಹೊಸ ಮನೆಯಲ್ಲಿ ಮೂಗಿಗೆ ಗುರುತು ಸಿಗುವುದು ಅದೊಂದೇ. ಅವನ ಆಟಿಕೆ ಡಬ್ಬವನ್ನು ಕೊನೆಗೆ ಕಟ್ಟಿ, ಮೊದಲು ಬಿಚ್ಚಿ.

ಹಳೆ ಮನೆಗೆ ಅವನೇ "ಹೋಗಿ ಬರ್ತೀನಿ" ಹೇಳಲಿ. ನನ್ನ ಕ್ಲಾಸಿನಲ್ಲಿದ್ದ ಒಬ್ಬ ಹುಡುಗ ಊರು ಬಿಡುವ ದಿನ ಲಿಫ್ಟಿನ ಪ್ರತಿ ಬಟನ್ನಿಗೂ ಟಾಟಾ ಮಾಡಿದನಂತೆ. ಕೆಳಗೆ ಲಾರಿ ಕಾಯುತ್ತಿತ್ತು. ಅವನಮ್ಮ ಒಂದು ಮಾತೂ ಆಡದೆ ಜೊತೆಗೆ ನಿಂತಿದ್ದರಂತೆ. ತುಂಬಾ ಒಳ್ಳೆಯ ಕೆಲಸ ಮಾಡಿದರು ಆ ತಾಯಿ.

ಮನೆಯಿಂದ ಕೆಲಸ ಮಾಡುವ ಇನ್ನೊಬ್ಬರು:
ಚಿಕ್ಕದಾಗಿ ಎರಡು ಮಾತು. ನೆಟ್ ಚೆಕ್ ಮಾಡುವಾಗ ಡೌನ್‌ಲೋಡ್ ಒಂದನ್ನೇ ನೋಡಬೇಡಿ. ವಿಡಿಯೊ ಮೀಟಿಂಗಿನಲ್ಲಿ ನಿಮ್ಮವರ ಮುಖ, ದನಿ ಆಚೆ ಹೋಗುವುದು ಅಪ್‌ಲೋಡಿನಿಂದ. ಸಂಜೆ ಎಲ್ಲರೂ ಬಳಸುವ ಹೊತ್ತಿನಲ್ಲಿ ನೋಡಿ. ಕರೆಂಟ್ ಹೋದರೆ ರೂಟರ್ ಎಷ್ಟು ಹೊತ್ತು ಉಳಿಯುತ್ತೆ ಅದನ್ನೂ ನೋಡಿ. ಬೇರೆ ಕಂಪನಿಯ ಇನ್ನೊಂದು ಕನೆಕ್ಷನ್ ಇರಲಿ. ಎರಡನೆಯದು, ಇದು ದೊಡ್ಡದು: ಆಫೀಸಿನವರು ಒಪ್ಪಿದ್ದು ಬಾಯಿಮಾತಿನಲ್ಲೋ ಬರವಣಿಗೆಯಲ್ಲೋ? ನನಗೆ ಒಪ್ಪಿದ ಮ್ಯಾನೇಜರ್ ಆರು ತಿಂಗಳಿಗೆ ಬದಲಾದರು. ಹೊಸಬರು ವಾರಕ್ಕೆ ಮೂರು ದಿನ ಆಫೀಸಿಗೆ ಬರಬೇಕು ಅಂದರು. ಆ ಸಂಬಳವೊಂದೇ ಮನೆಗೆ ಆಧಾರ ಆದಮೇಲೆ ಹೀಗಾದರೆ ಕಷ್ಟ.

ಕೇಳಿದವರು, ಮತ್ತೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಇಬ್ಬರೂ ಕೂತು ಓದಿದೆವು. ಕೊಳ್ಳುವ ಮಾತು ಬಿಟ್ಟಿದ್ದೇವೆ. ಮುಂದಿನ ತಿಂಗಳು ಒಂದು ಸೋಮವಾರ ಹೋಗಿ ಶನಿವಾರ ಬರುತ್ತೇವೆ. ನೀರು ತುಂಬಲು ಯಾವ ಬಾಟಲಿ ಬೇಕು ಅಂತ ಪ್ರಯೋಗಾಲಯಕ್ಕೆ ಕೇಳಿದ್ದೇನೆ, ಅವರೇ ಕೊಡ್ತಾರಂತೆ. ಆಫೀಸಿನ ಒಪ್ಪಿಗೆ ಬರೀ ಬಾಯಿಮಾತಿನದು, ಬರೆದು ಕೊಡಿ ಅಂತ ಇವರು ಇವತ್ತೇ ಕೇಳಿದ್ದಾರೆ. ನನ್ನ ರಜೆಗೆ ಅರ್ಜಿ ಹಾಕಿದ್ದೇನೆ, ಉತ್ತರ ಬಂದಿಲ್ಲ. ಮೊದಲು ಬರೆದವರಿಗೆ ಒಂದು ಪ್ರಶ್ನೆ. ಆ ಐದು ದಿನ ನಾನು ಮಾಡಬೇಕಾದದ್ದು ಏನು? ಸುಮ್ನೆ ಮನೆಯಲ್ಲಿ ಕೂತರೆ ಗೊತ್ತಾಗುತ್ತಾ?

ಏಳು ವರ್ಷದಿಂದ ಸಣ್ಣ ಊರಲ್ಲಿರುವ ತಾಯಿ:
ಕೂರಬೇಡಿ. ದೊಡ್ಡವನು ಸೇರಬೇಕಾದ ಶಾಲೆಗೆ ನಡೆದು ಹೋಗಿ, ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಲ್ಲಿ. ಒಂದೇ ದಿನ ಅಲ್ಲ, ದಿನಾ ನಿಲ್ಲಿ. ಮೂರನೇ ದಿನ ಯಾರಾದರೂ ತಾವಾಗಿ "ಹೊಸಬರಾ?" ಅಂತ ಕೇಳುತ್ತಾರಾ ನೋಡಿ. ಗ್ರಂಥಾಲಯ ಯಾವ ದಿನ ತೆಗೆದಿರುತ್ತೆ, ತಾಯಂದಿರು ಸೇರುವ ಜಾಗ ಯಾವುದು ಕೇಳಿ. ಚಿಕ್ಕವಳಿಗೆ ನೆಗಡಿ ಇದೆ ಅಂತ ಔಷಧಿ ಅಂಗಡಿಗೆ ಹೋಗಿ, ಮಕ್ಕಳ ಡಾಕ್ಟರ್ ಎಲ್ಲಿದ್ದಾರೆ ಅಂತ ವಿಚಾರಿಸಿ. ಅವರು ಹೇಳುವ ದಾರಿಯಲ್ಲೇ ಹೋಗಿ ನೋಡಿ. ಮಧ್ಯಾಹ್ನ ನಿಮ್ಮ ಗಂಡನ ಕೋಣೆಯ ಬಾಗಿಲು ತಟ್ಟಬೇಡಿ, ಎಷ್ಟೇ ಕಷ್ಟ ಆದರೂ.

ಚಿಕ್ಕವಳು ಮಧ್ಯಾಹ್ನ ಮಲಗುವುದು ಎಷ್ಟು ಹೊತ್ತಿಗೆ? ಶಾಲೆ ಬಿಡುವ ಹೊತ್ತನ್ನು ಮೊದಲೇ ಫೋನ್ ಮಾಡಿ ಕೇಳಿಕೊಂಡು, ಇವತ್ತಿನಿಂದಲೇ ಅವಳನ್ನು ಅರ್ಧ ಗಂಟೆ ಬೇಗ ಮಲಗಿಸುವುದಕ್ಕೆ ಶುರು ಮಾಡಿ.