ಎಥನಾಲ್-ನೀರು ಮಿಶ್ರಣಕ್ಕೆ ಸರಾಸರಿ ಲೆಕ್ಕ ನಡೆಯುತ್ತಾ?

ಪ್ರಶ್ನೆ: ತೂಕದಲ್ಲಿ ಅರ್ಧ ಎಥನಾಲ್, ಅರ್ಧ ನೀರು, 20 ಡಿಗ್ರಿ ಸೆಲ್ಸಿಯಸ್. ಟ್ಯಾಂಕ್, ಪಂಪ್, ಕೂಲರ್ ಡಿಸೈನ್ ಮಾಡಬೇಕು. ಶುದ್ಧ ದ್ರವಗಳ ಡೇಟಾ ಮಾತ್ರ ಇದೆ. ಸರಾಸರಿ ಹಾಕಿದರೆ ಸಾಕಾ? ಗೊತ್ತಿದ್ದವರು ತಿಳಿಸಿ.

ಉತ್ತರ: ಸಾಂದ್ರತೆಗೆ ಒಂದು ಮಟ್ಟಿಗೆ ಸಾಕು. ತೂಕದ ಪಾಲನ್ನು ಆಯಾ ಸಾಂದ್ರತೆಯಿಂದ (ಎಥನಾಲ್ 789, ನೀರು 998) ಭಾಗಿಸಿ, ಕೂಡಿ, ವಿಲೋಮ ತೆಗೆಯಿರಿ: ಘನ ಮೀಟರಿಗೆ 881 ಕೆಜಿ. ಅಳತೆ ಮಾಡಿದ್ದು 914. ಬೆರೆತಾಗ ಗಾತ್ರ ಕುಗ್ಗುವುದರಿಂದ 100 ಟನ್ನಿಗೆ 113.5 ಬದಲು 109.4 ಘನ ಮೀಟರ್ ಆಗುತ್ತೆ. ಟ್ಯಾಂಕ್ ಸ್ವಲ್ಪ ದೊಡ್ಡದಾದರೆ ನಷ್ಟವಿಲ್ಲ. ಆದರೆ ಮಟ್ಟ ನೋಡಿ ದಾಸ್ತಾನು ಬರೆಯುವುದಾದರೆ ಅಬಕಾರಿಯವರ ಮುಂದೆ ಈ 3.6% ವಿವರಿಸುವುದು ಕಷ್ಟ.

ಉತ್ತರ: ವಿಸ್ಕಾಸಿಟಿಗೆ, ಅಂದರೆ ದ್ರವದ ಸ್ನಿಗ್ಧತೆಗೆ, ಸರಾಸರಿ ಬೇಡವೇ ಬೇಡ ಸರ್. ನೀರು 1.0, ಎಥನಾಲ್ 1.2 ಸೆಂಟಿಪಾಯ್ಸ್; ಮಿಶ್ರಣ ಇವುಗಳ ನಡುವೆ ಎಲ್ಲೋ ಇರಬೇಕು ಅನ್ನಿಸುತ್ತೆ. ಇರೋದು ಸುಮಾರು 2.9! ಹೈಡ್ರೋಜನ್ ಬಂಧಗಳ ಕೆಲಸ ಅದು. ಗ್ರುನ್‌ಬರ್ಗ್-ನಿಸ್ಸಾನ್ ಸಮೀಕರಣ ಬಳಸಿ: ಮೋಲ್ ಅಂಶದಿಂದ (ಒಟ್ಟು ಅಣುಗಳಲ್ಲಿ ಆಯಾ ದ್ರವದ ಪಾಲು) ಗುಣಿಸಿದ ವಿಸ್ಕಾಸಿಟಿಗಳ ಸ್ವಾಭಾವಿಕ ಲಾಗ್‌ಗಳ ಮೊತ್ತಕ್ಕೆ, ಎರಡೂ ಮೋಲ್ ಅಂಶಗಳ ಗುಣಲಬ್ಧವನ್ನು ಜಿ ಎಂಬ ಸ್ಥಿರಾಂಕದಿಂದ ಗುಣಿಸಿ ಸೇರಿಸಿ; ಬಂದದ್ದು ಮಿಶ್ರಣದ ವಿಸ್ಕಾಸಿಟಿಯ ಲಾಗ್. ನಿಮ್ಮಲ್ಲಿ ಎಥನಾಲ್ 0.28, ನೀರು 0.72. ಜಿ ಸೊನ್ನೆ ಇಟ್ಟರೆ 1.05 ಬರುತ್ತೆ, 5ರ ಆಸುಪಾಸು ಇಟ್ಟರೆ 2.9. ಉಷ್ಣತೆ ಏರಿದಂತೆ ಜಿ ಇಳಿಯುತ್ತೆ, ಹಾಗಾಗಿ ಇದೇ 5ನ್ನು ಬಿಸಿ ಲೈನಿಗೆ ಹಾಕಬೇಡಿ. ಆ ಉಷ್ಣತೆಯ ಒಂದು ಅಳತೆಯಿಂದ ಮತ್ತೆ ತೆಗೆಯಿರಿ.

ಪ್ರಶ್ನೆ: ಕೂಲರ್‌ಗೆ ಎಷ್ಟು ಪೆಟ್ಟು?

ಉತ್ತರ: ಟ್ಯೂಬ್ ಒಳಗೆ ಟರ್ಬ್ಯುಲೆಂಟ್ (ಸುಳಿಸುಳಿಯಾದ) ಹರಿವಾದರೆ ಆ ಬದಿಯ ಶಾಖ ವರ್ಗಾವಣೆ ಗುಣಾಂಕ ವಿಸ್ಕಾಸಿಟಿಯ ಮೈನಸ್ 0.4ರಿಂದ ಮೈನಸ್ 0.5 ಘಾತದಂತೆ ಬದಲಾಗುತ್ತೆ. 1.05ರ ಜಾಗದಲ್ಲಿ 2.9 ಅಂದರೆ ಸುಮಾರು ಮೂರನೇ ಒಂದು ಭಾಗದಿಂದ 40% ವರೆಗೆ ಕಡಿಮೆ. ಬೆರೆಸುವುದೂ ಅಲ್ಲೇ ಆದರೆ ಬೆರೆಯುವಾಗ ಹುಟ್ಟುವ ಬಿಸಿಯನ್ನೂ ಕೂಲರ್ ಹೊರೆಗೆ ಸೇರಿಸಿ.

ಉತ್ತರ: ಮುಂದೆ ಬಟ್ಟಿ ಇಳಿಸುವ ಕಾಲಮ್ ಇದ್ದರೆ ಮೇಲ್ಮೈ ಎಳೆತವೂ ನೋಡಿಕೊಳ್ಳಿ. 25 ಡಿಗ್ರಿಯಲ್ಲಿ ಮೋಲ್ ಸರಾಸರಿ ಮೀಟರಿಗೆ 58 ಮಿಲಿನ್ಯೂಟನ್ ಅನ್ನುತ್ತೆ, ನಿಜದಲ್ಲಿ 28. ಎಥನಾಲ್ ಅಣುಗಳು ಮೇಲ್ಮೈಗೆ ಬಂದು ಕೂರುತ್ತವೆ. ಪ್ಯಾಕಿಂಗ್ (ಕಾಲಮ್ ಒಳಗೆ ತುಂಬುವ ತುಣುಕುಗಳು) ಒದ್ದೆಯಾಗುವ ಲೆಕ್ಕ ಇದರಿಂದ ಪೂರ್ತಿ ಕೆಡುತ್ತೆ.

ಪ್ರಶ್ನೆ: ಸಿಮ್ಯುಲೇಟರಿನಲ್ಲಿ ಎನ್‌ಆರ್‌ಟಿಎಲ್ ಅನ್ನೋ ಮಿಶ್ರಣದ ಮಾದರಿ ಆರಿಸಿದ್ದೇನೆ, ಅದು ಇದನ್ನೆಲ್ಲ ನೋಡಿಕೊಳ್ಳಲ್ವಾ?

ಉತ್ತರ: ಇಲ್ಲ. ಅದು ಆವಿ-ದ್ರವ ಸಮತೋಲಕ್ಕೆ. ವಿಸ್ಕಾಸಿಟಿ, ಮೇಲ್ಮೈ ಎಳೆತದ ಮಿಶ್ರಣ ನಿಯಮ ಬೇರೆ ಕಡೆ ಇರುತ್ತೆ, ತೆರೆದು ನೋಡಿ. ಬೆಂಜೀನ್-ಟಾಲ್ವೀನ್‌ನಂಥ ಒಂದೇ ಬಗೆಯ ದ್ರವಗಳಾಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ.